ಮದ್ದು ಸಿಕ್ಕಿದ್ದು ಮೀನಿಗೆ

ಸಂಪಾದಕರೇ,

ಲ್ಯಾಬ್‌ಗಳಲ್ಲಿ ಸಾಕುವ ಪುಟ್ಟ ಪಟ್ಟೆಪಟ್ಟೆ ಜೀಬ್ರಾ ಮೀನಿನ ಜೀನ್ ಎಡಿಟ್ ಮಾಡಿದ ಸುದ್ದಿ ಬಂದಾಗಲೆಲ್ಲ ತಲೆಬರಹ ಒಂದೇ: 'ಇಂಥ ಕಾಯಿಲೆಗೆ ಮದ್ದು ಸಿಕ್ಕಿತು'. ಮನೆಯಲ್ಲಿ ಅದೇ ಕಾಯಿಲೆಯ ಮಗು ಇರುವವರು ಅದನ್ನು ಓದಿದರೆ ಏನಾಗಬಹುದು ಹೇಳಿ. ನಾನು ದಿನಾ ಈ ಮೀನಿನ ಮೊಟ್ಟೆಗಳಿಗೆ ಸೂಜಿ ಚುಚ್ಚುವ ಕೆಲಸದವನು, ಅದಕ್ಕೇ ಬರೆಯುತ್ತಿದ್ದೇನೆ.

ಮೀನು ಸಣ್ಣದು ಅಂತ ಹಗುರವಾಗಿ ನೋಡಬೇಡಿ. ನಮ್ಮ ಜೀನ್‌ಗಳಲ್ಲಿ ಸುಮಾರು ಶೇ 70ರಷ್ಟಕ್ಕೆ ಅದರಲ್ಲೂ ಸರಿಜೋಡಿ ಇದೆ ಎಂದು 2013ರಲ್ಲೇ ಗೊತ್ತಾಗಿದೆ. ಮೊಟ್ಟೆ ಬೆಳೆಯುವುದು ತಾಯಿಯ ಹೊಟ್ಟೆಯ ಹೊರಗೆ, ನೀರಿನಲ್ಲಿ. ಮುಕ್ಕಾಲು ಗಂಟೆಯಲ್ಲಿ ಒಂದು ಕೋಶ ಎರಡಾಗಿಬಿಡುತ್ತದೆ, ಅಷ್ಟರೊಳಗೆ ಕೂದಲಿಗಿಂತ ಸಪೂರವಾದ ಗಾಜಿನ ಸೂಜಿಯಲ್ಲಿ ಕ್ರಿಸ್ಪರ್, ಅಂದರೆ ಜೀನ್ ಕತ್ತರಿಸುವ ದ್ರವ, ಒಳಗೆ ಬಿಡಬೇಕು, ಹೋಯಿತೋ ಇಲ್ಲವೋ ಕಾಣಲಿ ಅಂತ ಅದಕ್ಕೆ ಚೂರು ಕೆಂಪು ಬಣ್ಣ ಬೆರೆಸಿರುತ್ತೇವೆ. ಎರಡನೇ ದಿನ ಮೈಕ್ರೋಸ್ಕೋಪ್ ಕೆಳಗಿಟ್ಟರೆ ಪುಟಾಣಿ ಹೃದಯ ಬಡಿಯುತ್ತಿರುತ್ತದೆ, ರಕ್ತಕಣಗಳು ಸಾಲಾಗಿ ಓಡುವುದೂ ಕಾಣುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗಿಲ್ಲ.

ತೊಡಕು ಶುರುವಾಗುವುದು ಆಮೇಲೆ. ಚುಚ್ಚಿದ ಮೀನಿನ ಕೋಶಗಳೆಲ್ಲ ಒಂದೇ ಥರ ಬದಲಾಗಿರುವುದಿಲ್ಲ, ತೇಪೆ ಹಾಕಿದ ಬಟ್ಟೆಯ ಹಾಗೆ ಅಲ್ಲೊಂದು ಇಲ್ಲೊಂದು. ಎಲ್ಲ ಕೋಶಗಳೂ ಬದಲಾದ ಮೀನು ಸಿಗಬೇಕಾದರೆ ಅದರ ಮಕ್ಕಳು, ಮೊಮ್ಮಕ್ಕಳ ತನಕ ಸಾಕಬೇಕು, ಒಂದೊಂದು ತಲೆಮಾರಿಗೂ ಸುಮಾರು 3 ತಿಂಗಳು. ಇಷ್ಟೆಲ್ಲ ಮಾಡಿದ ಮೇಲೂ ಕೆಲವೊಮ್ಮೆ ಜೀನ್ ಕೆಟ್ಟ ಮೀನು ಏನೂ ಆಗದ ಹಾಗೆ ಹಾಯಾಗಿ ಈಜುತ್ತಿರುತ್ತದೆ! ಬೇರೆ ಜೀನ್‌ಗಳು ಆ ಕೆಟ್ಟ ಜೀನಿನ ಕೆಲಸ ವಹಿಸಿಕೊಂಡಿರುತ್ತವೆ. 2015ರಲ್ಲಿ ರಕ್ತನಾಳದ ಒಂದು ಜೀನ್ ವಿಷಯದಲ್ಲಿ ಹೀಗೇ ಆಯಿತು: ಅದರ ಕೆಲಸವನ್ನು ತಾತ್ಕಾಲಿಕವಾಗಿ ತಡೆದಾಗ ನಾಳಗಳು ಹಾಳಾದವು, ಜೀನನ್ನೇ ಕೆಡಿಸಿದಾಗ ಹೆಚ್ಚಿನ ಮರಿಗಳು ಚೆನ್ನಾಗಿಯೇ ಇದ್ದವು. ಇನ್ನು ಶ್ವಾಸಕೋಶವೇ ಇಲ್ಲದ ಪ್ರಾಣಿಯಿಂದ ಅಸ್ತಮಾ ಬಗ್ಗೆ ಎಷ್ಟು ತಿಳಿಯಬಹುದು, ನೀವೇ ಯೋಚಿಸಿ.

ಹಾಗಂತ ಉಪಯೋಗವಿಲ್ಲ ಅಂತಲ್ಲ. ಡ್ರಾವೆ ಎಂಬ ಮಕ್ಕಳ ಮೂರ್ಛೆರೋಗದ ಜೀನ್ ಕೆಟ್ಟ ಮೀನುಮರಿಗಳ ಮೇಲೆ ನೂರಾರು ಔಷಧಿ ಹಾಕಿ ನೋಡಿದಾಗ, ಅಲರ್ಜಿಗೆ ಕೊಡುತ್ತಿದ್ದ ಹಳೇ ಕ್ಲೆಮಿಜೋಲ್ ಫಿಟ್ಸ್ ತಡೆಯಿತು. 2013ರ ಮಾತಿದು. ಅಷ್ಟು ಔಷಧಿಗಳನ್ನು ಮಕ್ಕಳ ಮೇಲೆ ಹಾಗೆ ಒಂದೊಂದಾಗಿ ಹಾಕಿ ನೋಡುವುದಕ್ಕಾಗುತ್ತಾ? ಆದರೆ ಮೀನಿನಲ್ಲಿ ಗೆದ್ದದ್ದು ಮನುಷ್ಯರಲ್ಲಿ ಮತ್ತೆ ಮೊದಲಿನಿಂದ ಪರೀಕ್ಷೆ ಪಾಸಾಗಬೇಕು, ಅದಕ್ಕೆ ವರ್ಷಗಟ್ಟಲೆ ಬೇಕು.

ಮುಂದಿನ ಸಲ ತಲೆಬರಹದಲ್ಲಿ 'ಮೀನಿನಲ್ಲಿ' ಎಂಬ ಪದವೊಂದು ಸೇರಿಸಿ. ಜಾಸ್ತಿ ಜಾಗವೇನೂ ಬೇಡ ಅಲ್ವಾ?

ಇಂತಿ,
ನಿಮ್ಮ ಒಬ್ಬ ಓದುಗ