ಜಿನೀವಾದ ಮಾತು ತೋಟದ ತೂಕದ ಪುಸ್ತಕಕ್ಕೆ ಇಳಿಯಲಿ

ಮಾನ್ಯ ಸಂಪಾದಕರೇ,

ಮಾರ್ಚ್ 8ರ ಮಹಿಳಾ ದಿನ ಬಂದಾಗಲೆಲ್ಲ ನಮ್ಮ ಕಡೆ ಒಂದು ಪ್ರಶ್ನೆ ಏಳುತ್ತದೆ: ‘ವಿಶ್ವಸಂಸ್ಥೆ ನಿರ್ಣಯ ಮಾಡಿದರೆ ಮೂಡಿಗೆರೆ ತೋಟದ ಹೆಣ್ಣಾಳಿಗೆ ಏನು ಬಂತು?’ ಕೇಳುವುದರಲ್ಲಿ ತಪ್ಪಿಲ್ಲ. ಏನೂ ಬರಲಿಲ್ಲ ಎಂದು ಕೈಕೊಡವುವುದು ಮಾತ್ರ ತಪ್ಪು. ಕೆಲಸದ ಜಾಗದ ಲೈಂಗಿಕ ಕಿರುಕುಳದಿಂದ ರಕ್ಷಣೆ, ಸಮಾನ ಕೂಲಿ, ಈ ಎರಡರಲ್ಲಿ ಬಂದದ್ದು ಎಲ್ಲಿಯವರೆಗೆ ಬಂತು, ಎಲ್ಲಿ ನಿಂತಿತು ಎಂದು ನೋಡಬೇಕು. ನಿಂತ ಜಾಗಗಳಲ್ಲಿ ಒಂದು ದೆಹಲಿಯಲ್ಲಿದೆ, ಇನ್ನೊಂದು ತೋಟದ ರೈಟರ್ (ಹಾಜರಿ, ತೂಕ ಬರೆಯುವವ) ಕೈಯ ಪುಸ್ತಕದಲ್ಲಿದೆ.

ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯ ತೊಡೆಯುವ ಒಪ್ಪಂದವನ್ನು (ಸೀಡಾ ಎನ್ನುವುದು ರೂಢಿ) ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ್ದು 1979ರ ಡಿಸೆಂಬರ್ 18ರಂದು. ಭಾರತ 1980ರಲ್ಲಿ ಸಹಿ ಹಾಕಿತು, 1993ರಲ್ಲಿ ಸ್ಥಿರೀಕರಿಸಿತು, ಅಂದರೆ ಪಾಲಿಸಲು ಬದ್ಧವಾಯಿತು. ಲೈಂಗಿಕ ಕಿರುಕುಳ ಎಂಬ ಪದವೇ ಆ ಒಪ್ಪಂದದಲ್ಲಿಲ್ಲ. ಒಪ್ಪಂದದ ಪಾಲನೆ ನೋಡಲು ಜಿನೀವಾದಲ್ಲಿ ಸೇರುವ 23 ತಜ್ಞರ ಸಮಿತಿಯೊಂದಿದೆ. ಕೆಲಸದ ಜಾಗದ ಕಿರುಕುಳವೂ ತಾರತಮ್ಯವೇ ಎಂದು 1992ರಲ್ಲಿ ತನ್ನ 19ನೇ ಸಾಮಾನ್ಯ ಶಿಫಾರಸಿನಲ್ಲಿ ಹೇಳಿದ್ದು ಆ ಸಮಿತಿ. 1997ರ ಆಗಸ್ಟ್ 13ರಂದು, ಕೆಲಸದ ಜಾಗದ ಲೈಂಗಿಕ ಕಿರುಕುಳದ ಕುರಿತಾದ ವಿಶಾಖಾ ಪ್ರಕರಣದ ತೀರ್ಪು ಬಂದಾಗ ನಮ್ಮಲ್ಲಿ ಇದಕ್ಕೆಂದೇ ಒಂದು ಕಾಯ್ದೆ ಇರಲಿಲ್ಲ. ಒಪ್ಪಂದದ 11ನೇ ವಿಧಿ (ಉದ್ಯೋಗದಲ್ಲಿ ಸಮಾನತೆ) ಮತ್ತು ಸಮಿತಿಯ ಆ ಶಿಫಾರಸನ್ನು ಆಧರಿಸಿ ಸುಪ್ರೀಂ ಕೋರ್ಟ್ ತಾನೇ ನಿಯಮ ರೂಪಿಸಿ, ಸಂಸತ್ತು ಕಾಯ್ದೆ ಮಾಡುವ ತನಕ ಇದೇ ಕಾನೂನು ಎಂದಿತು. ಸಂಸತ್ತಿಗೆ 16 ವರ್ಷ ಹಿಡಿಯಿತು.

ಹಾಗೆ ಬಂದ, ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಕಾಫಿ ತೋಟಕ್ಕೂ ಅನ್ವಯಿಸುತ್ತದೆ. ದಿನಗೂಲಿಯವರು, ಕಂಟ್ರಾಕ್ಟರ್ ಕರೆತಂದವರು, ಮಾಲೀಕರಿಗೆ ಗೊತ್ತಿಲ್ಲದೆ ಮೇಸ್ತ್ರಿಯೇ ಸೇರಿಸಿಕೊಂಡವರು, ಎಲ್ಲರೂ ಅದರ ಪ್ರಕಾರ ಉದ್ಯೋಗಿಗಳೇ. ತೋಟದವರು ಕಳಿಸುವ ಜೀಪು, ಪಿಕಪ್ ಕೂಡ ಕೆಲಸದ ಜಾಗ. ಹತ್ತು ಅಥವಾ ಹೆಚ್ಚು ಕೆಲಸಗಾರರಿದ್ದರೆ ತೋಟದಲ್ಲೇ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಮಾಲೀಕರ ಮೇಲೆಯೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಸಣ್ಣ ಹಿಡುವಳಿಗಳೇ ತುಂಬಿರುವ ನಮ್ಮ ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಹೆಚ್ಚು ಬೇಕಾಗುವುದು ಈ ಎರಡನೆಯದು. ಹೆಚ್ಚಿನವರಿಗೆ ಗೊತ್ತಿಲ್ಲದಿರುವುದೂ ಅದೇ.

ದೂರು ಲಿಖಿತವಾಗಿರಬೇಕು, ಆರು ಪ್ರತಿ ಕೊಡಬೇಕು, ಸಾಕ್ಷಿಗಳ ಹೆಸರು ವಿಳಾಸ ಜೊತೆಗಿರಬೇಕು. ಬರೆಯಲು ಬಾರದವರಿಗೆ ಬರೆಯಲು ನೆರವಾಗುವುದು ಸಮಿತಿಯದೇ ಕರ್ತವ್ಯ; ‘ಬರೆಸಿಕೊಂಡು ಬನ್ನಿ’ ಎಂದು ವಾಪಸ್ ಕಳಿಸುವಂತಿಲ್ಲ. ಘಟನೆ ನಡೆದ (ಮತ್ತೆ ಮತ್ತೆ ನಡೆದಿದ್ದರೆ ಕೊನೆಯ ಸಲದ) ದಿನದಿಂದ ಮೂರು ತಿಂಗಳೊಳಗೆ ಕೊಡಬೇಕು. ಕಾರಣ ಸರಿಯಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಎಡವುವುದು ಇಲ್ಲಿಯೇ. ಅರೇಬಿಕಾ ಕೊಯ್ಲು ನವೆಂಬರಿಗೆ ಶುರುವಾಗುತ್ತದೆ, ರೊಬಸ್ಟಾ ಮುಗಿಯುವಾಗ ಮಾರ್ಚ್. ‘ಕೊಯ್ಲು ಮುಗಿಯಲಿ, ಲೆಕ್ಕ ಚುಕ್ತಾ ಆಗಲಿ, ಆಮೇಲೆ ಹೇಳೋಣ’ ಎಂದು ಕಾದವಳ ಮೂರು ತಿಂಗಳು ತೋಟದಲ್ಲೇ ಮುಗಿದಿರುತ್ತದೆ. ವಿಸ್ತರಣೆ ಕೇಳುವಾಗ ‘ಕೂಲಿ ಬಾಕಿ ಮಾಲೀಕರ ಕೈಯಲ್ಲಿತ್ತು’ ಎಂಬ ಕಾರಣವನ್ನು ಸ್ಪಷ್ಟವಾಗಿ ಬರೆಯಿರಿ. ದೂರು ಕೊಟ್ಟ ಮೇಲೆ ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ವಕೀಲರನ್ನು ಯಾವ ಕಡೆಯವರೂ ಕರೆತರುವಂತಿಲ್ಲ. ರಾಜಿಗೆ ಅವಕಾಶವಿದೆ, ಆದರೆ ಆಕೆ ಕೇಳಿದರೆ ಮಾತ್ರ, ಮತ್ತು ಹಣ ಕೊಟ್ಟು ಮುಗಿಸುವಂತಿಲ್ಲ. ಆಂತರಿಕ ಸಮಿತಿಯಲ್ಲಿ ಹೊರಗಿನ ಸದಸ್ಯರೊಬ್ಬರು ಇರಲೇಬೇಕು. ಅಧ್ಯಕ್ಷೆಯೂ ಹಿರಿಯ ಹುದ್ದೆಯ ಮಹಿಳಾ ಉದ್ಯೋಗಿಯೇ ಆಗಬೇಕು. ಉದ್ಯೋಗಿಯಲ್ಲದ ಮಾಲೀಕರ ಪತ್ನಿಯ ಹೆಸರು ಬರೆದು ಬೋರ್ಡ್ ಹಾಕಿದರೆ ಅದು ಕಾಯ್ದೆ ಹೇಳುವ ಸಮಿತಿ ಆಗದು.

ಇನ್ನು ಕೂಲಿಯ ವಿಷಯ. ಸಮಾನ ವೇತನದ ಬಗ್ಗೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1951ರಲ್ಲಿ ಮಾಡಿದ 100ನೇ ಒಡಂಬಡಿಕೆಯನ್ನು ಭಾರತ 1958ರಲ್ಲೇ ಸ್ಥಿರೀಕರಿಸಿದೆ. ಕಾನೂನು ಬಂದದ್ದು ಮಾತ್ರ 17 ವರ್ಷದ ಮೇಲೆ, ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಮಹಿಳಾ ವರ್ಷ ಎಂದು ಘೋಷಿಸಿದ್ದ 1975ರಲ್ಲಿ, ಅದೂ ಸುಗ್ರೀವಾಜ್ಞೆಯಾಗಿ, ಮರುವರ್ಷ ಕಾಯ್ದೆಯಾಯಿತು. ಒಡಂಬಡಿಕೆ ಹೇಳುವುದು ‘ಸಮಾನ ಮೌಲ್ಯದ ಕೆಲಸಕ್ಕೆ’ ಸಮಾನ ಕೂಲಿ. ನಮ್ಮ ಕಾಯ್ದೆ ಹೇಳಿದ್ದು ‘ಒಂದೇ ಕೆಲಸ ಅಥವಾ ಅದೇ ಸ್ವರೂಪದ ಕೆಲಸಕ್ಕೆ’. 2019ರ ವೇತನ ಸಂಹಿತೆಯಲ್ಲೂ ಅದೇ ಮಾತು ಉಳಿದಿದೆ. ಇದು ಕಿರಿದಾಯಿತು ಎಂದು ಕಾರ್ಮಿಕ ಸಂಸ್ಥೆಯ ತಜ್ಞರ ಸಮಿತಿ ಭಾರತಕ್ಕೆ ಮತ್ತೆ ಮತ್ತೆ ಬರೆದಿದೆ.

ಈ ಎರಡು ಪದಗಳ ಅಂತರ ಗೊತ್ತಾಗಬೇಕಾದರೆ ತೋಟಕ್ಕೇ ಬರಬೇಕು. ಮರಗಸಿ (ಮರ ಹತ್ತಿ ನೆರಳಿನ ಕೊಂಬೆ ಕಡಿಯುವುದು) ಗಂಡಾಳಿಗೆ, ಗಿಡದ ಚಿಗುರು ತೆಗೆಯುವುದು ಹೆಣ್ಣಾಳಿಗೆ. ಕೆಲಸವೇ ಬೇರೆ ಎಂದಮೇಲೆ ಕಾಯ್ದೆ ಮಧ್ಯೆ ಬರುವುದಿಲ್ಲ. ಮರ ಹತ್ತುವ ಅಪಾಯಕ್ಕೆ ಹೆಚ್ಚು ಕೂಲಿ ಕೊಡುವುದು ನ್ಯಾಯವೇ. ಚಿಗುರು ತೆಗೆಯುವುದನ್ನು ‘ಹಗುರ ಕೆಲಸ’ ಎಂದು ಬರೆಯುವುದನ್ನು ಮಾತ್ರ ಒಪ್ಪಲಾಗದು: ಯಾವುದನ್ನು ಮುರಿಯಬೇಕು, ಯಾವುದನ್ನು ಬಿಡಬೇಕು ಎಂದು ಗೊತ್ತಿಲ್ಲದ ಕೈ ಬಿದ್ದರೆ ಮುಂದಿನ ವರ್ಷದ ಫಸಲೇ ಹೋಗುತ್ತದೆ. ಮೌಲ್ಯ ಅಳೆಯಲು ಕಾರ್ಮಿಕ ಸಂಸ್ಥೆ ಹೇಳುವ ಅಂಶಗಳು ಕೌಶಲ, ಶ್ರಮ, ಹೊಣೆ, ಕೆಲಸದ ಪರಿಸ್ಥಿತಿ. ಆ ಅಳತೆಗೆ ಹಚ್ಚಿದರೆ ಹೆಣ್ಣಾಳಿನ ಕೂಲಿ ಈಗಿನ ಜಾಗದಲ್ಲಿ ನಿಲ್ಲದು.

ಕೊಯ್ಲಿನಲ್ಲಿ ಕೆ.ಜಿ. ಲೆಕ್ಕ, ಅಲ್ಲಿ ಭೇದವಿಲ್ಲ ಎನ್ನುವವರು ಸಂಜೆ ತೂಕದ ಹೊತ್ತಿಗೆ ಬಂದು ನೋಡಲಿ. ಗಂಡ 60 ಕೆ.ಜಿ., ಹೆಂಡತಿ 75 ಕೆ.ಜಿ. ಹಣ್ಣು ಕೊಯ್ದಿದ್ದರೂ ಇಬ್ಬರ ಚೀಲವನ್ನೂ ಒಟ್ಟಿಗೆ ತೂಗಿ ಗಂಡನ ಹೆಸರಿನ ಮುಂದೆ 135 ಎಂದು ಬರೆಯುವ ರೂಢಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಪುಸ್ತಕದ ಲೆಕ್ಕದಲ್ಲಿ ಅವಳು ಕೆಲಸಕ್ಕೇ ಬಂದಿಲ್ಲ. ಹೆರಿಗೆ ಸೌಲಭ್ಯ ಸಿಗಬೇಕಾದರೆ ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದ ದಾಖಲೆ ಬೇಕು. ಒಂದು ಕೊಯ್ಲಿನ ದಿನಗಳೇ ಅದಕ್ಕೆ ಹತ್ತಿರ ಬರುತ್ತವೆ, ಅವು ಪುಸ್ತಕದಲ್ಲಿದ್ದರೆ! ಕುಟುಂಬದ ದುಡಿಮೆಯಲ್ಲಿ ಹೆಂಗಸಿನ ಪಾಲು ಹೀಗೆ ಕಾಣೆಯಾಗುವ ಬಗ್ಗೆ ಸೀಡಾ ಸಮಿತಿ 1991ರಲ್ಲೇ 16ನೇ ಶಿಫಾರಸು ಮಾಡಿತ್ತು.

ಈ ಸಂಸ್ಥೆಗಳ ಮಿತಿಯನ್ನೂ ಮುಚ್ಚಿಡಬೇಕಿಲ್ಲ. ಅವುಗಳಿಗೆ ಪೊಲೀಸರಿಲ್ಲ, ದಂಡ ಹಾಕುವ ಅಧಿಕಾರವಿಲ್ಲ. ನೊಂದವರೇ ನೇರವಾಗಿ ಸೀಡಾ ಸಮಿತಿಗೆ ದೂರು ಕೊಡಲು ದಾರಿ ಮಾಡಿದ 1999ರ ಐಚ್ಛಿಕ ಪ್ರೋಟೊಕಾಲ್‌ಗೆ ಭಾರತ ಸೇರಿಲ್ಲ. ನಾಲ್ಕು ವರ್ಷಕ್ಕೊಮ್ಮೆ ವರದಿ ಎಂಬುದು ಒಪ್ಪಂದದ ಮಾತು. ನಮ್ಮ ನಿಯತ ವರದಿಗಳ ಪರಿಶೀಲನೆ ನಡೆದದ್ದು 2000, 2007, 2014ರಲ್ಲಿ. ಕೆಲಸಕ್ಕೆ ಹೋಗಿಬರುವ ದಾರಿಯ ಕಿರುಕುಳವನ್ನೂ ಸೇರಿಸಿಕೊಂಡ, ಕಾರ್ಮಿಕ ಸಂಸ್ಥೆಯ 2019ರ 190ನೇ ಒಡಂಬಡಿಕೆಯನ್ನು ನಾವು ಸ್ಥಿರೀಕರಿಸಿಲ್ಲ. ಹಾಗಾಗಿ ತೋಟದ ಜೀಪಿನಲ್ಲಿ ಬಂದವಳಿಗೆ ಇರುವ ರಕ್ಷಣೆ ನಡೆದು ಬಂದವಳಿಗೆ ಇಲ್ಲ. ಎಲ್ಲವೂ ಹೊರಗಿನಿಂದಲೇ ಬಂತು ಎಂದೂ ಹೇಳುವಂತಿಲ್ಲ: ಪಂಚಾಯಿತಿಯಲ್ಲಿ ಮಹಿಳೆಯರಿಗೆ ಶೇ 25 ಸ್ಥಾನವನ್ನು ಕರ್ನಾಟಕ 1983ರ ಕಾಯ್ದೆಯಲ್ಲೇ ಕೊಟ್ಟಿತ್ತು.

ಆದರೂ ಎರಡು ಬಾಗಿಲು ತೆರೆದಿವೆ. ಕಾರ್ಮಿಕ ಸಂಘಟನೆಗಳು ಒಡಂಬಡಿಕೆಯ ಪಾಲನೆ ಬಗ್ಗೆ ತಮ್ಮ ಅಭಿಪ್ರಾಯವನ್ನು ಕಾರ್ಮಿಕ ಸಂಸ್ಥೆಗೆ ನೇರವಾಗಿ ಬರೆಯಬಹುದು. ಸರ್ಕಾರದ ವರದಿಗೆ ಪರ್ಯಾಯವಾಗಿ ಮಹಿಳಾ ಸಂಘಟನೆಗಳು ಸೀಡಾ ಸಮಿತಿಗೆ ವರದಿ ಕಳಿಸಬಹುದು. ಅದಕ್ಕೆ ಭಾಷಣ ಬೇಡ, ಒಂದು ಹೋಬಳಿಯ ಹತ್ತು ತೋಟಗಳ ಹಾಜರಿ ಪುಸ್ತಕದಿಂದ ತೆಗೆದ ಲೆಕ್ಕ ಸಾಕು.

ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲಾಡಳಿತಗಳಲ್ಲಿ ನಮ್ಮ ಕೋರಿಕೆ ಇಷ್ಟೇ. ಸ್ಥಳೀಯ ಸಮಿತಿಯ ಸದಸ್ಯರು ಮತ್ತು ತಾಲ್ಲೂಕಿನ ನೋಡಲ್ ಅಧಿಕಾರಿಯ ಹೆಸರು, ಫೋನ್ ನಂಬರನ್ನು ಮೂಡಿಗೆರೆ, ಕೊಪ್ಪ, ಸಕಲೇಶಪುರ, ಆಲೂರು, ಬೇಲೂರಿನ ತಾಲ್ಲೂಕು ಕಚೇರಿ ಹಾಗೂ ಬಸ್ ನಿಲ್ದಾಣದಲ್ಲಿ ಕನ್ನಡದಲ್ಲೂ, ಹೊರ ರಾಜ್ಯದಿಂದ ಬಂದವರಿಗಾಗಿ ಹಿಂದಿಯಲ್ಲೂ ದಪ್ಪಕ್ಷರದಲ್ಲಿ ಬರೆಸಿ. ಮುಂದಿನ ಕೊಯ್ಲಿನೊಳಗೆ ಕಾರ್ಮಿಕ ಇಲಾಖೆಯವರು ತೋಟಗಳಿಗೆ ಬಂದು ತೂಕದ ಪುಸ್ತಕದಲ್ಲಿ ಆಕೆಯ ಹೆಸರಿಗೆ ಬೇರೆ ಸಾಲು ಇದೆಯೇ ಎಂದು ನೋಡಲಿ.

— ತೋಟ ಕಾರ್ಮಿಕ ಮಹಿಳೆಯರಿಗೆ ಕಾನೂನು ತರಬೇತಿ ಕೊಡುವ ಗೆಳೆಯರು, ಚಿಕ್ಕಮಗಳೂರು