ಕಾಮಾಲೆ ಇಳಿಸಲು ಸ್ಟೆರಾಯ್ಡ್ ಬೇಡ

ಸಂಪಾದಕರಿಗೆ,

ಕಾಮಾಲೆ ಎಂದರೆ ನಮ್ಮ ಗಡಿನಾಡಿನಲ್ಲಿ ಮೊದಲು ನೆಲನೆಲ್ಲಿ, ಆಮೇಲೆ ಉಪ್ಪು–ಎಣ್ಣೆ ಬಿಟ್ಟ ಪಥ್ಯ. ಅದಕ್ಕೂ ಜಗ್ಗದಿದ್ದರೆ ‘ಒಂದು ಸ್ಟೆರಾಯ್ಡ್ ಕೊಟ್ಟು ನೋಡಬಾರದೇ ಡಾಕ್ಟ್ರೇ?’ ಎಂಬ ಪ್ರಶ್ನೆ. ಹೀಗೆ ಕೇಳುವವರಲ್ಲಿ ಮನೆಯವರಷ್ಟೇ ಅಲ್ಲ, ವೈದ್ಯರೂ ಇದ್ದಾರೆ.

ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಕೊಟ್ಟರೆ ವೈರಸ್ಸಿನ ಕಾಮಾಲೆಯಲ್ಲೂ ಮೈ ಹಳದಿಯಾಗಿಸುವ ಬಿಲಿರುಬಿನ್ ಬೇಗ ಇಳಿಯುವುದುಂಟು. ಬಿರುಕು ಬಿಟ್ಟ ಗೋಡೆಗೆ ಸುಣ್ಣ ಬಳಿದ ಹಾಗೆ, ಕಣ್ಣಿಗೆ ಚಂದ. ನೋಡಬೇಕಾದ ಅಂಕಿ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂಬುದರ ಅಳತೆ. ಮೊದಲು ಲಿವರ್ ಕಾಯಿಲೆ ಇಲ್ಲದವರಲ್ಲಿ ಅದು 1.5 ಮುಟ್ಟಿ, ಜತೆಗೆ ಮಂಪರು, ತಪ್ಪು ಮಾತು, ಹಗಲು ನಿದ್ದೆ–ರಾತ್ರಿ ಎಚ್ಚರ ಕಂಡರೆ ತೀವ್ರ ಯಕೃತ್ ವೈಫಲ್ಯವೆಂದೇ ತಿಳಿಯಬೇಕು. ಲಿವರಿನ ಜೀವಕೋಶ ಒಡೆದಾಗ ರಕ್ತಕ್ಕೆ ಸೋರುವ ಕಿಣ್ವ ಎಸ್‌ಜಿಪಿಟಿ 3000ದಿಂದ 300ಕ್ಕೆ ಬಂತೆಂದು ಹಿಗ್ಗುವವರಿದ್ದಾರೆ. ಐಎನ್‌ಆರ್ ಏರುತ್ತಲೇ ಇದ್ದರೆ, ಒಡೆಯಲು ಜೀವಕೋಶವೇ ಉಳಿದಿಲ್ಲ ಎಂದು ಅದರ ಅರ್ಥ. ವಿಟಮಿನ್ ಕೆ 10 ಮಿ.ಗ್ರಾಂ ರಕ್ತನಾಳಕ್ಕೆ ಕೊಟ್ಟು ಮತ್ತೆ ಅಳೆಯಿರಿ. ರಕ್ತ ಸೋರದಿದ್ದರೆ ಪ್ಲಾಸ್ಮಾ ಹಾಕಬೇಡಿ. ಹಾಕಿದರೆ ಐಎನ್‌ಆರ್ ಸುಳ್ಳು ಹೇಳತೊಡಗುತ್ತದೆ, ಕಾಯಿಲೆ ಯಾವ ದಿಕ್ಕಿಗೆ ಹೋಗುತ್ತಿದೆಯೆಂದು ಮುಂದಿನ ಆಸ್ಪತ್ರೆಯವರಿಗೆ ಗೊತ್ತಾಗುವುದಿಲ್ಲ.

ಇದು ಹೊಸ ಜಗಳವೇನಲ್ಲ. ತೀವ್ರ ವೈರಲ್ ಹೆಪಟೈಟಿಸ್‌ನಲ್ಲಿ (ವೈರಸ್ಸಿನಿಂದಾಗುವ ಲಿವರಿನ ಉರಿಯೂತ) ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡನ್ನು ಹುಸಿಮದ್ದಿನೊಡನೆ ಹೋಲಿಸಿದ ಪ್ರಯೋಗ 1976ರಲ್ಲೇ ಪ್ರಕಟವಾಯಿತು. ಲಾಭ ಹೋಗಲಿ, ಹಾನಿಯೇ ಕಂಡಿತು. ಸ್ವಯಂನಿರೋಧಕ (ದೇಹದ ರಕ್ಷಣಾ ವ್ಯವಸ್ಥೆಯೇ ಲಿವರಿನ ಮೇಲೆ ಬೀಳುವ), ಔಷಧಜನ್ಯ ಮತ್ತು ಕಾರಣ ತಿಳಿಯದ ಯಕೃತ್ ವೈಫಲ್ಯದ 361 ಮಂದಿಯ ದಾಖಲೆ ನೋಡಿದ ಅಮೆರಿಕದ ಅಧ್ಯಯನ 2014ರಲ್ಲಿ ಬಂತು. ಅದರಲ್ಲೂ ಒಟ್ಟಾರೆ ಬದುಕುಳಿದವರ ಪ್ರಮಾಣ ಸ್ಟೆರಾಯ್ಡಿನಿಂದ ಹೆಚ್ಚಲಿಲ್ಲ. ಲಿವರ್ ಎಷ್ಟು ಕೆಟ್ಟಿದೆಯೆಂದು ತೋರಿಸುವ ಮೆಲ್ಡ್ ಅಂಕ 40 ದಾಟಿದವರಲ್ಲಂತೂ ಸ್ಟೆರಾಯ್ಡ್ ಪಡೆದವರೇ ಕಡಿಮೆ ಉಳಿದರು. ಈ ಕಾಯಿಲೆಯಲ್ಲಿ ಸೋಂಕೇ ದೊಡ್ಡ ಕೊಲೆಗಾರ. ಸ್ಟೆರಾಯ್ಡ್ ಸೋಂಕಿಗೆ ಬಾಗಿಲು ತೆರೆದು, ಜ್ವರವನ್ನೂ ಮುಚ್ಚಿಡುತ್ತದೆ. ಮೆದುಳಿನ ಊತಕ್ಕೆಂದು ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಕೊಡುವುದೂ ವ್ಯರ್ಥ. ಅಲ್ಲಿ ಬೇಕಾದದ್ದು ಮ್ಯಾನಿಟಾಲ್ ಅಥವಾ ಗಾಢ ಉಪ್ಪಿನ ದ್ರಾವಣ.

ಹಾಗಾದರೆ ಎಲ್ಲಿ ಕೊಡಬೇಕು? ಮುಖ್ಯವಾಗಿ ಸ್ವಯಂನಿರೋಧಕ ಹೆಪಟೈಟಿಸ್‌ನಲ್ಲಿ, ಅದೂ ಪ್ರಜ್ಞೆ ಕದಡುವ ಮುಂಚೆ. ಅದನ್ನು ಗುರುತಿಸಲು ಎಎನ್‌ಎ, ನಯಸ್ನಾಯುವಿನ ಪ್ರತಿಕಾಯ, ಐಜಿಜಿ ಎಂಬ ರಕ್ತಪರೀಕ್ಷೆ ಮಾಡಿಸಬೇಕು. ತೀವ್ರವಾಗಿ ಶುರುವಾದಾಗ ಕೆಲವರಲ್ಲಿ ಕಾಯಿಲೆ ಇದ್ದರೂ ಇವೆಲ್ಲ ಸಹಜವಾಗಿಯೇ ಬರುತ್ತವೆ. ಸಂಶಯ ಉಳಿದರೆ ಕತ್ತಿನ ರಕ್ತನಾಳದ ಮೂಲಕ ಲಿವರಿನ ಬಯಾಪ್ಸಿ. ಪ್ರಮಾಣ ದಿನಕ್ಕೆ ಕಿಲೋ ತೂಕಕ್ಕೆ 1 ಮಿ.ಗ್ರಾಂ. ಕೊಡುವುದು ಪ್ರೆಡ್ನಿಸೊಲೋನ್, ಪ್ರೆಡ್ನಿಸೋನ್ ಅಲ್ಲ: ಎರಡನೆಯದನ್ನು ಮೊದಲನೆಯದಾಗಿ ಮಾರ್ಪಡಿಸಬೇಕಾದ್ದು ಆ ಸೋತ ಲಿವರೇ. 7 ದಿನದಲ್ಲಿ ಐಎನ್‌ಆರ್, ಬಿಲಿರುಬಿನ್ ಎರಡೂ ಸುಧಾರಿಸದಿದ್ದರೆ ಎಳೆದಾಡದೆ ಲಿವರ್ ಕಸಿಯ ದಾರಿ ನೋಡಬೇಕು. ಮಂಪರು ಬಂದಿದ್ದರೆ ಆ 7 ದಿನವನ್ನೂ ಕಾಯುವಂತಿಲ್ಲ. ಮದ್ಯದ ಹೆಪಟೈಟಿಸ್‌ಗೆ 40 ಮಿ.ಗ್ರಾಂನಂತೆ 28 ದಿನ ಕೊಡುವ ಕ್ರಮವಿದೆಯಲ್ಲ ಎನ್ನಬಹುದು. ಅದು ಬೇರೆಯೇ ಕಾಯಿಲೆ, ಆ ಲೆಕ್ಕವನ್ನು ಇಲ್ಲಿಗೆ ತರಬಾರದು.

ಹೆಪಟೈಟಿಸ್ ಬಿ ಇದ್ದರೆ ಸ್ಟೆರಾಯ್ಡ್ ವೈರಸ್ಸಿಗೆ ಊಟ ಬಡಿಸಿದಂತೆ. ಅಲ್ಲಿ ವೈರಸ್ ತಡೆಯುವ ಟೆನೊಫೊವಿರ್ ಅಥವಾ ಎಂಟೆಕಾವಿರ್ ಬೇಕು. ಸಂಧಿವಾತಕ್ಕೋ ಉಬ್ಬಸಕ್ಕೋ ದೀರ್ಘಕಾಲ ಸ್ಟೆರಾಯ್ಡ್ ಬರೆಯುವ ಮುಂಚೆಯೂ ಹೆಪಟೈಟಿಸ್ ಬಿ ಪತ್ತೆಹಚ್ಚುವ ಎಚ್‌ಬಿಎಸ್‌ಎಜಿ ಪರೀಕ್ಷೆ ನೋಡಿ. ಪ್ಯಾರಾಸಿಟಮಾಲ್ ಅತಿಯಾಗಿದ್ದರೆ ಅದರ ಪ್ರತಿಮದ್ದು ಎನ್‌-ಅಸಿಟೈಲ್‌ಸಿಸ್ಟೀನ್: ಕಿಲೋಗೆ 150 ಮಿ.ಗ್ರಾಂ 1 ಗಂಟೆಯಲ್ಲಿ, 50 ಮಿ.ಗ್ರಾಂ 4 ಗಂಟೆಯಲ್ಲಿ, 100 ಮಿ.ಗ್ರಾಂ 16 ಗಂಟೆಯಲ್ಲಿ. ಹಳದಿ ರಂಜಕವಿರುವ ಇಲಿಪಾಷಾಣದ ಪೇಸ್ಟ್ ತಿಂದವರು ಮೊದಲ ಒಂದೆರಡು ದಿನ ಚೆನ್ನಾಗಿಯೇ ಕಾಣುತ್ತಾರೆ. ಆ ಹೊತ್ತಿನಲ್ಲಿ ಮನೆಗೆ ಕಳಿಸಿದರೆ ಕೆಟ್ಟಿತು.

ತಲಪಾಡಿ ಗಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ ಕಳಿಸುವಾಗ ನಿದ್ದೆಯ ಇಂಜೆಕ್ಷನ್ ಕೊಡಬೇಡಿ. ಈ ರೋಗಿಗಳಲ್ಲಿ ಸಕ್ಕರೆ ಹಠಾತ್ತನೆ ಕುಸಿಯುತ್ತದೆ. ಆಂಬುಲೆನ್ಸಿನಲ್ಲಿ ಡೆಕ್ಸ್ಟ್ರೋಸ್ ಇರಲಿ, ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡಲಿ. ಸ್ಟೆರಾಯ್ಡ್ ಕೊಟ್ಟಾಗಿದ್ದರೆ ಮುಚ್ಚಿಡದೆ ಪ್ರಮಾಣ, ದಿನ, ಗಂಟೆ ಚೀಟಿಯಲ್ಲಿ ಬರೆಯಿರಿ. ಬಿಳಿ ರಕ್ತಕಣ ಏರಿದ್ದು ಸೋಂಕಿನಿಂದಲೋ ಮದ್ದಿನಿಂದಲೋ ಎಂದು ಅಲ್ಲಿಯವರು ತೂಗಿ ನೋಡಲು ಬೇರೆ ದಾರಿಯಿಲ್ಲ.

– ಕೆಲವು ವೈದ್ಯರು, ಕುಂಬಳೆ–ಬದಿಯಡ್ಕ, ಕಾಸರಗೋಡು ಜಿಲ್ಲೆ