ಪುಟ್ಟಿಗೆ, ನಿನ್ನ ಲೇಖನ ಓದಿದ ಮೇಲೆ

ಪ್ರೀತಿಯ ಪುಟ್ಟಿಗೆ ಆಶೀರ್ವಾದಗಳು.

ನಿನ್ನ ಎಂಟು ಹಾಳೆ ಸೋಮವಾರ ಕೈ ಸೇರಿತು. ಎರಡು ಸಲ ಓದಿದೆ. ಒಂದು ಸಲ ಬೆಳಿಗ್ಗೆ ಕಾಫಿ ಕುಡಿಯುತ್ತಾ, ಇನ್ನೊಂದು ಸಲ ರಾತ್ರಿ ಪೆನ್ಸಿಲ್ ಹಿಡಿದು. ಮೊದಲೇ ಹೇಳಿಬಿಡುತ್ತೇನೆ, ನಿನಗೆ ಬರೆಯೋಕೆ ಬರುತ್ತೆ. ಮಾತು ಎಲ್ಲಿ ನಿಲ್ಲಿಸಬೇಕು ಅನ್ನೋದು ನಿನಗೆ ಗೊತ್ತಿದೆ. ಅದು ನನಗೆ ಗೊತ್ತಾಗುವ ಹೊತ್ತಿಗೆ ಅರವತ್ತು ದಾಟಿತ್ತು. ಇದನ್ನು ನೆನಪಲ್ಲಿಟ್ಟುಕೊಂಡು ಮುಂದೆ ಓದು. ಯಾಕೆಂದರೆ ಮುಂದೆ ಇರೋದು ಬರೀ ತಕರಾರು.

‘ಬಿಟ್ಟಿ ಭಾಗ್ಯ ಮತ್ತು ಸೋಮಾರಿ ಜನ’ ಅಂತ ಹೆಸರಿಟ್ಟಿದ್ದೀಯ. ಸರ್ಕಾರದ ಬಿಟ್ಟಿ ಯೋಜನೆಗಳಿಂದ ಜನ ಸೋಮಾರಿ ಆಗುತ್ತಿದ್ದಾರೆ ಅನ್ನೋದು ನಿನ್ನ ವಾದ. ಪೆನ್ಸಿಲ್ ಹಿಡಿದು ಎಣಿಸಿದೆ. ‘ಜನ’ ಅನ್ನೋ ಪದ ಇಪ್ಪತ್ತಮೂರು ಸಲ ಬಂದಿದೆ. ಒಬ್ಬ ಮನುಷ್ಯ ಮಾತ್ರ ಎಲ್ಲೂ ಬಂದಿಲ್ಲ. ಸೋಮಾರಿ ಆದವರು ಯಾರು? ಯಾವ ಊರವರು? ಮೊದಲು ಏನು ಕೆಲಸ ಮಾಡುತ್ತಿದ್ದರು, ಈಗ ಯಾವುದನ್ನು ಬಿಟ್ಟರು? ಒಬ್ಬರನ್ನಾದರೂ ಮಾತಾಡಿಸಿದೆಯಾ? ಇನ್ನೊಂದು ವಿಷಯ. ಹಾಸನದ ಹಾಸ್ಟೆಲಿನಿಂದ ಶನಿವಾರ ಶನಿವಾರ ಊರಿಗೆ ಬರುತ್ತೀಯಲ್ಲ, ಯಾವ ಟಿಕೆಟ್ ತಗೊಂಡು ಬರುತ್ತೀಯ? ಹೆಂಗಸರಿಗೆ ದುಡ್ಡಿಲ್ಲದೆ ಕೊಡುವ ಶೂನ್ಯ ಟಿಕೆಟ್ ಅಲ್ವಾ? ಅದು ಲೇಖನದಲ್ಲಿ ಇಲ್ಲ. ನಿನ್ನನ್ನು ಚುಚ್ಚೋಕೆ ಹೇಳುತ್ತಿಲ್ಲ, ಪುಟ್ಟಿ. ನಿನ್ನ ಲೇಖನ ಶುರುವಾಗಬೇಕಾಗಿದ್ದದ್ದೇ ಅಲ್ಲಿಂದ. ‘ನಾನೂ ಈ ಟಿಕೆಟ್ ತಗೋತೀನಿ, ಆದರೂ ನನಗೆ ಇದು ಸರಿ ಅನ್ನಿಸುತ್ತಿಲ್ಲ’ ಅಂತ ಬರೆದಿದ್ದರೆ ನಾನು ಕುರ್ಚಿ ಎಳೆದುಕೊಂಡು ಕೂತು ಓದುತ್ತಿದ್ದೆ.

ಈ ತಪ್ಪು ನಾನೂ ಮಾಡಿದ್ದೇನೆ. ಆ ಟಿಕೆಟ್ ಕೊಡುವ ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ರಂದು. ಹತ್ತು ದಿನದೊಳಗೆ ನನ್ನ ಅಂಕಣ ಅಚ್ಚಾಗಿತ್ತು. ಬಸ್ಸಿಗೆ ಹೆಂಗಸರು ನೂಕಾಡಿಕೊಂಡು ಹತ್ತುವ ವಿಡಿಯೊಗಳು ಫೋನಿಗೆ ಬರುತ್ತಿದ್ದವು. ಅದನ್ನೇ ನೋಡಿ, ದೇವಸ್ಥಾನ ಸುತ್ತೋಕೆ ಸರ್ಕಾರದ ದುಡ್ಡು ಯಾಕೆ ಅಂತ ಬರೆದೆ. ಆ ಹತ್ತು ದಿನದಲ್ಲಿ ನಾನು ಒಂದೇ ಒಂದು ಬಸ್ ಹತ್ತಿರಲಿಲ್ಲ.

ಆಗಸ್ಟಿನಲ್ಲಿ ಕಣ್ಣು ತೋರಿಸೋಕೆ ಅರಸೀಕೆರೆಯಿಂದ ಹಾಸನಕ್ಕೆ ಹೊರಟೆ. ಹಾರನಹಳ್ಳಿಯಲ್ಲಿ ತಾಯಿ ಮಗಳು ಹತ್ತಿದರು. ತಾಯಿಗೆ ನನ್ನ ಪಕ್ಕ ಜಾಗ ಸಿಕ್ಕಿತು. ಮಗಳು ನಿಂತೇ ಇದ್ದಳು. ಕಂಡಕ್ಟರ್ ಹರಿದುಕೊಟ್ಟ ಎರಡು ಟಿಕೆಟನ್ನು ಅವಳು ಚಿಕ್ಕದಾಗಿ ಮಡಿಚಿ, ಆಧಾರ್ ಕಾರ್ಡಿನ ಜೊತೆ ಪರ್ಸಿನೊಳಗೆ ಇಟ್ಟಳು. ದುಡ್ಡು ಕೊಟ್ಟು ತಗೊಂಡ ಟಿಕೆಟನ್ನೂ ನಾವು ಹಾಗೆ ಜೋಪಾನ ಮಾಡಲ್ಲ. ತಾಯಿಯ ಎಡಗೈ ನೋಡಿದೆ. ಮೊಣಕೈ ಹತ್ತಿರ ನರ ಹಗ್ಗದ ಹಾಗೆ ಉಬ್ಬಿತ್ತು. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಕೈ ಹಾಗಿರುತ್ತೆ. ಕೇಳಿದೆ. ಮಗಳು ಹೇಳಿದಳು: ಆಸ್ಪತ್ರೇಲಿ ಡಯಾಲಿಸಿಸ್ ಫ್ರೀನೇ ಸಾರ್, ನಮಗೆ ಬಸ್ ಚಾರ್ಜೇ ಕಷ್ಟ ಆಗ್ತಿತ್ತು. ವಾರಕ್ಕೆ ಎರಡು ಸಲ ಹೋಗಬೇಕು, ದುಡ್ಡಿಲ್ಲದ ವಾರ ಒಂದೇ ಸಲ ಹೋಗ್ತಿದ್ವಿ. ಅಮ್ಮನ ಮುಖ ಎಲ್ಲ ಊದ್ಕೊಳ್ತಿತ್ತು.

ಅದೇ ಬಸ್ಸಿನಲ್ಲಿ ಕಾಲೇಜಿನ ಹುಡುಗರು ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದರು. ಊರುಗೋಲು ಹಿಡಿದ ಒಬ್ಬ ಅಜ್ಜ ಹಾಸನದವರೆಗೂ ನಿಂತೇ ಬಂದರು. ಅವರು ಟಿಕೆಟಿಗೆ ದುಡ್ಡು ಕೊಟ್ಟಿದ್ದರು. ಅರ್ಧ ಸೀಟು ಗಂಡಸರಿಗೆ ಮೀಸಲು ಅಂತ ನಿಯಮ ಇದೆ. ಆ ನೂಕುನುಗ್ಗಲಿನಲ್ಲಿ ಅದನ್ನು ಕೇಳುವವರು ಯಾರು?

ಮನೆಗೆ ಬಂದು ಇನ್ನೊಂದು ಅಂಕಣ ಬರೆದೆ. ಜೂನಿನಲ್ಲಿ ಬರೆದದ್ದು ತಪ್ಪು ಅಂತ ಮೊದಲ ಸಾಲಿನಲ್ಲೇ ಹೇಳಿದೆ. ಆ ತಾಯಿಯ ಕೈಯನ್ನೂ ಬರೆದೆ, ಅಜ್ಜನ ಊರುಗೋಲನ್ನೂ ಬರೆದೆ. ಯೋಜನೆ ಇರಲಿ, ಆದರೆ ಬಸ್ಸು ಜಾಸ್ತಿ ಮಾಡದೆ ಬರೀ ಟಿಕೆಟ್ ಕೊಟ್ಟರೆ ಸಾಲದು ಅಂದೆ. ಈಗಲೂ ಅದೇ ಹೇಳುತ್ತೇನೆ. 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿತು. ಅದೇ ವರ್ಷ ಜುಲೈಗೆ ಶೂನ್ಯ ಟಿಕೆಟ್‌ಗಳ ಸಂಖ್ಯೆ 500 ಕೋಟಿ ಮುಟ್ಟಿತು. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೀನೊಂದು ಲೇಖನ ಬರಿ. ಆದರೆ ಮೊದಲು ಬಸ್ ಹತ್ತು, ಎಂಟು ದಿನ ಓಡಾಡು, ಆಮೇಲೆ ಬರಿ.

ಐದನೇ ಹಾಳೆಗೆ ಬರುತ್ತೇನೆ. ರೀಲ್ಸ್ ಬಂದು ಸಂಸ್ಕೃತಿ ಹಾಳಾಯಿತು, ಹಿಂದಿನವರಿಗೆ ಸಂಸ್ಕಾರ ಇತ್ತು ಅಂತ ಬರೆದಿದ್ದೀಯ. ಪುಟ್ಟಿ, ಇದು ನಿನ್ನ ಮಾತಲ್ಲ. ಬೆಳಿಗ್ಗೆ ವಾಕಿಂಗ್ ಮುಗಿಸಿ ಬೆಂಚಿನ ಮೇಲೆ ಕೂರುವ ನಮ್ಮಂಥವರ ಮಾತು. ಇಪ್ಪತ್ತೆರಡು ವರ್ಷದ ನೀನು ನೋಡದ ಕಾಲವನ್ನು ಹೊಗಳೋಕೆ ಹೇಗೆ ಸಾಧ್ಯ? ನೋಡಿದ ನಾನು ಹೇಳುತ್ತೇನೆ ಕೇಳು. ನಾನು ಹುಡುಗನಾಗಿದ್ದಾಗ ನಮ್ಮೂರ ಹೋಟೆಲಿನಲ್ಲಿ ಕೆಲವರಿಗೆ ಲೋಟ ಕೊಡುತ್ತಿರಲಿಲ್ಲ. ತೆಂಗಿನ ಚಿಪ್ಪು ಇತ್ತು. ಹೊರಗೆ ಚಾವಣಿಯ ಸಂದಿಗೆ ಸಿಕ್ಕಿಸಿರುತ್ತಿದ್ದರು. ಅವರೇ ತಗೊಂಡು, ಕಾಫಿ ಹೊಯ್ಯಿಸಿಕೊಂಡು, ಕುಡಿದು, ತೊಳೆದು, ಮತ್ತೆ ಅಲ್ಲೇ ಸಿಕ್ಕಿಸಿ ಹೋಗಬೇಕಿತ್ತು. ನಾನು ಒಳಗೆ ಬೆಂಚಿನ ಮೇಲೆ ಕೂತು ಲೋಟದಲ್ಲಿ ಕುಡಿಯುತ್ತಿದ್ದೆ. ‘ಹಿಂದೆಲ್ಲ ಚೆನ್ನಾಗಿತ್ತು’ ಅಂತ ಬರೆಯೋಕೆ ಕೈ ಹೋದಾಗಲೆಲ್ಲ ನನಗೆ ಆ ಚಿಪ್ಪು ಕಾಣುತ್ತೆ.

ರೀಲ್ಸ್ ಬಗ್ಗೆಯೂ ಅಷ್ಟೇ. ನನ್ನ ಮೊಮ್ಮಗ ಒಂದು ತೋರಿಸಿದ. ರಾಗಿ ಕಣದಲ್ಲಿ ನಿಂತ ಹೆಂಗಸೊಬ್ಬಳು ಸೋಬಾನೆ ಪದ ಹಾಡುತ್ತಿದ್ದಾಳೆ. ಹಿಂದೆ ಅಂಥವಳ ಹಾಡು ಹೊರಗಿನವರಿಗೆ ಕೇಳಬೇಕಾದರೆ ಪಟ್ಟಣದಿಂದ ಯಾರಾದರೂ ಬಂದು ಬರೆದುಕೊಂಡು ಹೋಗಬೇಕಿತ್ತು. ಪುಸ್ತಕದ ಮೇಲೆ ಬರೆದುಕೊಂಡವರ ಹೆಸರು ದೊಡ್ಡದಾಗಿ ಇರುತ್ತಿತ್ತು. ಈಗ ಅವಳ ಹಾಡಿಗೆ ಅವಳದೇ ಮುಖ ಇದೆ. ನನಗೆ ಸಿಟ್ಟು ಬರೋದು ಬೇರೆ ವಿಷಯಕ್ಕೆ. ಗಣಪತಿ ಬಿಡುವ ದಿನ ಡಿಜೆ ಹಾಕಿ ಕಿಟಕಿ ಗಾಜು ನಡುಗಿಸುತ್ತಾರೆ, ನಾದಸ್ವರದವರು ಮನೆಯಲ್ಲಿ ಖಾಲಿ ಕೂತಿರುತ್ತಾರೆ. ಅದರ ಬಗ್ಗೆ ಬರೆಯಬೇಕಾದರೆ ಮೊದಲು ನಾದಸ್ವರದವರ ಮನೆಗೆ ಹೋಗಬೇಕು, ಆಮೇಲೆ ಡಿಜೆ ಹುಡುಗನ ಹತ್ತಿರ ಮಾತಾಡಬೇಕು. ಅವನಿಗೂ ಸಾಲದ ಕಂತು ಇರುತ್ತೆ.

ನಾನು ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಇದನ್ನು ನನಗೆ ಕಲಿಸಿದ್ದು ಪುಸ್ತಕ ಅಲ್ಲ. 1976ರಲ್ಲಿ ತಾಲ್ಲೂಕು ಕಚೇರಿಗೆ ಗುಮಾಸ್ತನಾಗಿ ಸೇರಿದೆ. ನಿನ್ನ ತಾತ ಪಕ್ಕದ ಮೇಜಿನಲ್ಲಿದ್ದ. ಆಗ ದೇವರಾಜ ಅರಸರ ಸರ್ಕಾರ. ಭೂ ಸುಧಾರಣೆಗೆ 1974ರಲ್ಲಿ ದೊಡ್ಡ ತಿದ್ದುಪಡಿ ಬಂದಿತ್ತು. ತಾವು ಉಳುವ ಭೂಮಿ ತಮ್ಮ ಹೆಸರಿಗೆ ಆಗಬೇಕು ಅಂತ ಗೇಣಿದಾರರು ಫಾರಂ ನಂಬರ್ 7 ತುಂಬಿ ಅರ್ಜಿ ಹಾಕಬೇಕಿತ್ತು, ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ತೀರ್ಮಾನ ಕೊಡುತ್ತಿತ್ತು. ಆ ಅರ್ಜಿಗಳಿಗೆ ಹೆಬ್ಬೆಟ್ಟು ಒತ್ತಿಸುವ ಕೆಲಸ ನನ್ನದು. ಒಬ್ಬ ರೈತ ಹೆಬ್ಬೆಟ್ಟು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡ. ಆಮೇಲೆ, ‘ಸ್ವಾಮಿ, ಇನ್ನು ಒಕ್ಕಣೆಗೆ ಅವರು ಬರಲ್ವಾ?’ ಅಂತ ಕೇಳಿದ. ಅವರಪ್ಪನ ಕಾಲದಿಂದಲೂ ಕಣದಲ್ಲಿ ರಾಶಿ ಆದ ತಕ್ಷಣ ಒಡೆಯರ ಕಡೆಯವರು ಬಂದು ಅಳೆದುಕೊಂಡು ಹೋಗುತ್ತಿದ್ದರಂತೆ. ಬರಲ್ಲ ಅಂದೆ. ಅವನು ನಂಬಲಿಲ್ಲ. ಇನ್ನೊಂದು ಸಲ ಕೇಳಿದ.

ಅದೇ ವಾರ ಒಬ್ಬರು ಅಜ್ಜಿ ಬಂದರು. ಗಂಡ ಇಲ್ಲ, ಮಕ್ಕಳಿಲ್ಲ. ತಮ್ಮ ಎರಡು ಎಕರೆಯಿಂದ ಬರುವ ಗೇಣಿಯಲ್ಲೇ ಅವರ ಊಟ. ಆ ಎರಡು ಎಕರೆಗೂ ಉಳುವವನ ಅರ್ಜಿ ಬಿದ್ದಿತ್ತು. ಕಾನೂನು ಅವರ ಕಡೆ ಇರಲಿಲ್ಲ. ಕಚೇರಿಯ ಮೆಟ್ಟಿಲ ಮೇಲೆ ಸಂಜೆವರೆಗೂ ಕೂತಿದ್ದರು. ನಿನ್ನ ತಾತ ತನ್ನ ಡಬ್ಬಿಯಲ್ಲಿದ್ದ ಮೊಸರನ್ನ ಕೊಟ್ಟ, ಅವರು ಮುಟ್ಟಲಿಲ್ಲ.

ಉಳುವವನೇ ಹೊಲದೊಡೆಯ ಅನ್ನುವ ಆ ಕಾನೂನು ಸರಿ ಅಂತ ನಾನು ಇವತ್ತಿಗೂ ಹೇಳುತ್ತೇನೆ, ಜೋರಾಗಿಯೇ ಹೇಳುತ್ತೇನೆ. ಆದರೆ ಆ ಅಜ್ಜಿಯನ್ನು ಬಿಟ್ಟು ಹೇಳಲ್ಲ. ಅವರನ್ನು ಬಿಟ್ಟು ಬರೆದರೆ ನನ್ನ ಬರಹ ಘೋಷಣೆ ಆಗಿಬಿಡುತ್ತೆ.

ಸರ್ಕಾರಿ ನೌಕರ ಸರ್ಕಾರವನ್ನು ಟೀಕೆ ಮಾಡುವ ಹಾಗಿಲ್ಲ, ನಡತೆ ನಿಯಮ ಹಾಗಿದೆ. 38 ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ನಿವೃತ್ತಿಯಾದ ಮೇಲೆ ಬರೆಯೋಕೆ ಕೂತರೆ ‘ಸದರಿ’, ‘ಮೇಲ್ಕಂಡ’, ‘ತತ್ಸಂಬಂಧ’ ಬಿಟ್ಟರೆ ಬೇರೆ ಕನ್ನಡ ಬರುತ್ತಿರಲಿಲ್ಲ. ನಮ್ಮನೆಯವಳ ಮುಂದೆ ಗಟ್ಟಿಯಾಗಿ ಓದುತ್ತಿದ್ದೆ. ಅವಳಿಗೆ ಅರ್ಥವಾಗದ ಸಾಲು ಹೊಡೆದುಹಾಕುತ್ತಿದ್ದೆ. ನಿನಗೆ ಆ ಕಾಯಿಲೆ ಇಲ್ಲ. ಆದರೆ ‘ವ್ಯವಸ್ಥೆ’ ಅಂತ ಒಂದು ಪದ ಹಿಡಿದುಕೊಂಡಿದ್ದೀಯ. ವ್ಯವಸ್ಥೆ ಕೊಳೆತಿದೆ, ವ್ಯವಸ್ಥೆ ಬದಲಾಗಬೇಕು. ಕಚೇರಿಯಲ್ಲಿದ್ದವನಾಗಿ ಹೇಳುತ್ತೇನೆ, ಹೀಗೆ ಬರೆದರೆ ಅಲ್ಲಿ ಯಾರಿಗೂ ನೋವಾಗಲ್ಲ. ಕಡತ ಯಾರ ಮೇಜಿನಲ್ಲಿ ಎಷ್ಟು ದಿನ ಇತ್ತು ಅಂತ ಬರಿ, ಆಗ ಕುರ್ಚಿ ಅಲ್ಲಾಡುತ್ತೆ. ಅದನ್ನು ತಿಳಿದುಕೊಳ್ಳೋಕೆ ಹತ್ತು ರೂಪಾಯಿ ಸಾಕು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕು, 30 ದಿನದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಮೇಲ್ಮನವಿ ಹಾಕು. ಉತ್ತರ ಕೊಡಲಿಲ್ಲ ಅನ್ನೋದೂ ಸುದ್ದಿಯೇ.

ರಾಜಕೀಯ ಅಂದ ತಕ್ಷಣ ನೀನು ದೆಹಲಿಗೆ ಹೋಗಿಬಿಟ್ಟಿದ್ದೀಯ. ಟಿವಿಯಲ್ಲಿ ದಿನಾ ಅದೇ ಕೂಗಾಟ, ನಿನ್ನ ಲೇಖನದಲ್ಲೂ ಅದರದೇ ಸದ್ದು ಕೇಳಿಸಿತು. ನಮ್ಮ ಕಾಲಬುಡಕ್ಕೆ ಬಾ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಚುನಾವಣೆ ಆಯಿತು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಅಂತ ವರ್ಷಗಟ್ಟಲೆ ಎಳೆದರು. ಅಧಿಕಾರಕ್ಕೆ ಬಂದ ಪಕ್ಷದವರೆಲ್ಲ ಎಳೆದರು. ಆ ವರ್ಷಗಳಲ್ಲಿ ಸದಸ್ಯರ ಕುರ್ಚಿಗಳು ಖಾಲಿ, ಅಧಿಕಾರಿಗಳ ಕೈಯಲ್ಲಿ ಆಡಳಿತ. ಇದು ಕರ್ನಾಟಕದಲ್ಲಿ ಆಗಬಾರದಿತ್ತು, ಪುಟ್ಟಿ. ಪಂಚಾಯಿತಿ ಚುನಾವಣೆ ಕಡ್ಡಾಯ ಮಾಡಿದ ಸಂವಿಧಾನದ 73ನೇ ತಿದ್ದುಪಡಿ ಬರೋ ಮುಂಚೆಯೇ 1983ರ ಕಾಯ್ದೆ ಮಾಡಿ, 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗೆ ಚುನಾವಣೆ ನಡೆಸಿದ ರಾಜ್ಯ ಇದು. ಹೆಂಗಸರಿಗೆ ನಾಲ್ಕನೇ ಒಂದು ಭಾಗ ಸ್ಥಾನ ಕೊಟ್ಟಿದ್ದೂ ಆಗಲೇ. ಅದರ ಹಿಂದೆ ಇದ್ದವರು ಆಗ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ನೀರ್ ಸಾಬ್ ಅಂತ ಕರೆದರು. ನಿನ್ನ ವಯಸ್ಸಿನವರಿಗೆ ಆ ಹೆಸರೇ ಗೊತ್ತಿಲ್ಲ ಅಂದರೆ ನನಗೆ ಸಂಕಟ ಆಗುತ್ತೆ. ಎಂಎಲ್‌ಎಗಳಿಗೆ ಜಿಲ್ಲಾ ಪಂಚಾಯಿತಿಯಲ್ಲಿ ಗಟ್ಟಿ ಜನ ಇರೋದು ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ. ನೀನು ಬೇರೆ ಹೇಳು, ವಾದ ಮಾಡು. ಆದರೆ ಈ ವಿಷಯ ಎತ್ತಿಕೋ.

ಮೊನ್ನೆ ನಿಮ್ಮಮ್ಮ ಫೋನ್ ಮಾಡಿದ್ದಳು. ‘ಚಿಕ್ಕಪ್ಪ, ನೀವೇ ಹೇಳಿ, ಕಥೆ ಬರೀಲಿ ಬೇಕಾದ್ರೆ, ರಾಜಕೀಯ ಬೇಡ’ ಅಂದಳು. ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು 2015ರಲ್ಲಿ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಎರಡು ವರ್ಷಕ್ಕೆ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಬೆಂಗಳೂರಿನ ಮನೆ ಮುಂದೆ ಕೊಂದರು. ಅಮ್ಮ ಅದನ್ನೆಲ್ಲ ನೆನಪಿಟ್ಟುಕೊಂಡಿದ್ದಾಳೆ. ಹೆದರಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ನೀನೂ ಅವಳ ಮೇಲೆ ರೇಗಬೇಡ. ಬರೆದದ್ದನ್ನು ಮೊದಲು ಅವಳಿಗೆ ಓದಿಸು. ನಿನ್ನ ಹೆಸರಲ್ಲೇ ಬರಿ, ಬೇನಾಮಿ ಹೆಸರು ಬೇಡ. ಬೈಗುಳ ಬರುತ್ತೆ, ಹೆಣ್ಣುಮಗಳು ಅನ್ನೋ ಕಾರಣಕ್ಕೆ ನನಗಿಂತ ಜಾಸ್ತಿ ಬರುತ್ತೆ. ಅದಕ್ಕೆ ಉತ್ತರ ಬರೆಯುತ್ತಾ ಕೂರಬೇಡ. ಒಂದು ತಪ್ಪು ತೋರಿಸಿದರೆ ಮಾತ್ರ, ತೋರಿಸಿದವರು ಎಷ್ಟೇ ಕೆಟ್ಟದಾಗಿ ಮಾತಾಡಿದ್ದರೂ ತಿದ್ದಿಕೋ. ಒಂದು ಅಂಕಣದ ದೆಸೆಯಿಂದ ನನ್ನ ವಾಕಿಂಗ್ ಗೆಳೆಯನೊಬ್ಬ ಮೂರು ವರ್ಷದಿಂದ ಮಾತು ಬಿಟ್ಟಿದ್ದಾನೆ. ಬರೆದದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಆದರೆ ಬರೆಯುವ ಮುಂಚೆ ಒಂದು ಸಲ ಅವನ ಮನೆಗೆ ಹೋಗಿ ಮಾತಾಡಬೇಕಿತ್ತು. ದಿನಾ ಬೆಳಿಗ್ಗೆ ಅವನು ಆ ಕಡೆ ದಾರಿ ಹಿಡಿದಾಗ ಅದು ನೆನಪಾಗುತ್ತೆ.

ನಿನ್ನ ಹಾಳೆಗಳನ್ನು ಗುರುತು ಹಾಕಿ ವಾಪಸ್ ಇಟ್ಟಿದ್ದೇನೆ. ಹರಿದುಹಾಕಬೇಡ. ಮೂರನೇ ಹಾಳೆಯಲ್ಲಿ ಹಾಸ್ಟೆಲ್ ಅಡುಗೆಯವರು ಗೃಹಲಕ್ಷ್ಮಿ ದುಡ್ಡಿನಲ್ಲಿ ಕಿವಿಗೆ ಓಲೆ ಬಿಡಿಸಿಕೊಂಡದ್ದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀಯ. ಅದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಆ ಓಲೆ ಅಡವಿಗೆ ಹೋಗಿದ್ದು ಯಾಕೆ, ಎಷ್ಟು ವರ್ಷ ಅಲ್ಲಿತ್ತು, ಅವರನ್ನು ಕೇಳು.

ಬರುವ ಗುರುವಾರ ಹನ್ನೊಂದು ಗಂಟೆಗೆ ನಮ್ಮ ಪಂಚಾಯಿತಿಯಲ್ಲಿ ಗ್ರಾಮಸಭೆ ಇದೆ. ನೋಡಲ್ ಅಧಿಕಾರಿ ಬರುತ್ತಾರಂತೆ. ಹೋದ ಸಲ ಕುರ್ಚಿ ಅರವತ್ತು ಹಾಕಿಸಿದ್ದರು, ನಾವು ಹದಿನಾಲ್ಕು ಜನ ಇದ್ದೆವು. ಈ ಸಲ ಕೆರೆ ಕೋಡಿ ಒತ್ತುವರಿ ವಿಷಯ ಬರುತ್ತೆ. ಪಹಣಿ, ನಕಾಶೆ ನನ್ನ ಹತ್ತಿರ ಇದೆ, ಹೇಗೆ ಓದೋದು ಅಂತ ಹೇಳಿಕೊಡುತ್ತೇನೆ. ಹಾಸನದಿಂದ ಎಂಟು ಗಂಟೆ ಬಸ್ ಹಿಡಿ. ನಿಂತುಕೊಂಡು ಬಾ, ಪಕ್ಕದವರ ಹತ್ತಿರ ಮಾತಾಡಿಕೊಂಡು ಬಾ. ಆಧಾರ್ ಕಾರ್ಡ್ ಮರೆಯಬೇಡ. ಊಟಕ್ಕೆ ಅಜ್ಜಿ ಅವರೆಕಾಳು ಸಾರು ಮಾಡುತ್ತಾಳಂತೆ.

ಇಂತಿ,
ನಿನ್ನ ತಾತನ ಗೆಳೆಯ,
ನಿನಗೂ ತಾತ